ರತ್ನಾ ಬರಲಿಲ್ಲ

ಬ್ಯಾಲಂಟೈನ್, ಶಾರ್ಲಟ್
ಮಂಗಳವಾರ, ಅಕ್ಟೋಬರ್ 22, 2024

ಚಿ. ಆರತಿಗೆ, ನಿನ್ನ ಅಮ್ಮ ಬರೆಯುವುದು.

ಪಪ್ಪಾ ಆರೋಗ್ಯವಾಗಿದ್ದಾರೆ. ನಾನೂ ಹಾಗೆಯೇ ಇದ್ದೇನೆ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಶನಿವಾರದಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಈ ಹಾಳೆಯನ್ನು ಮೊದಲು ಅಡಿಗೆಮನೆಯ ಟೇಬಲ್ ಮೇಲೆ ಇಟ್ಟುಕೊಂಡೆ. ಅಲ್ಲಿಂದ ಎದ್ದು ನಿನ್ನ ಕೋಣೆಗೆ ಹೋದೆ. ಅಲ್ಲೂ ಆಗದೆ ಈಗ ಲೈಬ್ರರಿಯ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನೊಳಗೆ ಕುಳಿತು, ಸ್ಟೀರಿಂಗ್‌ಗೆ ಪ್ಯಾಡ್ ಒತ್ತಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ತಿಳಿಯದಿದ್ದರೆ ಅದು ನಿನ್ನ ಕನ್ನಡದ ತಪ್ಪಲ್ಲ, ನನ್ನ ಕೈಯ ತಪ್ಪು.

ಕನ್ನಡದಲ್ಲಿ ಯಾಕೆ ಎಂದು ಕೇಳಬಹುದು. ಧಾರವಾಡದಲ್ಲಿ ಎರಡನೇ ಇಯತ್ತೆ ಮುಗಿಸಿ ಬಂದವಳು ನೀನು, ನಿಧಾನವಾಗಿ ಓದಬಲ್ಲೆ. ನಿಧಾನವಾಗಿ ಓದಲಿ ಎಂಬುದೇ ನನ್ನ ಆಸೆ. ಇಂಗ್ಲಿಷ್‌ನಲ್ಲಿ ಬರೆದರೆ ಅದು ನಾನು ಈಗ ಕೆಲಸ ಮಾಡುವ ಕ್ಲಿನಿಕ್‌ನಿಂದ ಕಳಿಸುವ ಮೇಲ್‌ನಂತೆ ಆಗಿಬಿಡುತ್ತದೆ. ನಮ್ಮಿಬ್ಬರಿಗೂ ಬರುವ ಇನ್ನೊಂದು ಭಾಷೆ ಇದೆ. ಅದರಲ್ಲಿ ಬರೆಯುವ ಹಕ್ಕು ನನಗೆ ಉಳಿದಿಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ಮೊನ್ನೆ ಶನಿವಾರ ರಾಕ್‌ವಿಲ್‌ನಲ್ಲಿ ನೀನು ಮಧ್ಯಾಹ್ನವಿಡೀ ಕಾದೆಯಲ್ಲ, ಆ ರತ್ನಾ ನಾನೇ. ಇಂಡೋನೇಷ್ಯದ ಮೆಡಾನ್‌ನಲ್ಲಿ ಹುಟ್ಟಿ, ಸಿಲ್ವರ್ ಸ್ಪ್ರಿಂಗ್‌ನಲ್ಲಿ ಒಬ್ಬಳೇ ಇದ್ದುಕೊಂಡು, ಮೂರು ವರ್ಷಗಳಿಂದ ನಿನ್ನ ಜೊತೆ ಇಂಡೋನೇಷ್ಯನ್‌ನಲ್ಲಿ ಹರಟುತ್ತಿದ್ದ ಆ ವಿಧವೆ ಎಲ್ಲೂ ಇಲ್ಲ. ಅವಳು ಬರೆದದ್ದೆಲ್ಲ ನಾನು ಬರೆದದ್ದು. ನೀನು ಅವಳಿಗೆ ಬರೆದದ್ದನ್ನೆಲ್ಲ ಓದಿದವಳು ನಾನು.

ಇಲ್ಲಿಗೇ ಓದುವುದು ಸಾಕೆನಿಸಿದರೆ ನಿಲ್ಲಿಸು. ಆದರೆ ಹರಿದು ಹಾಕಬೇಡ. ನಾಲ್ಕು ದಿನ ಬಿಟ್ಟು ಮತ್ತೆ ತೆಗೆ.

ಇದು ಶುರುವಾದದ್ದು 2020ರ ಸೆಪ್ಟೆಂಬರಿನಲ್ಲಿ. ನಿನ್ನ ಶಾಲೆ ಪೂರ್ತಿ ಆನ್‌ಲೈನ್ ಆಗಿತ್ತು. ಪಪ್ಪಾ ಕೆಳಗಿನ ಕೋಣೆಯಲ್ಲಿ ಬ್ಯಾಂಕಿನ ಮೀಟಿಂಗ್, ನೀನು ಮೇಲೆ ಕ್ಲಾಸು, ನಾನು ನಡುವೆ ಮೆಟ್ಟಿಲ ಮೇಲೆ ಚಹಾದ ಕಪ್ಪು ಹಿಡಿದು. ಧಾರವಾಡದಲ್ಲಿ ಪಿಯು ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದವಳು ನಾನು. ಇಲ್ಲಿ ಬಂದ ಮೇಲೆ ವೀಸಾದ ದೆಸೆಯಿಂದ ಒಂಬತ್ತು ವರ್ಷ ಯಾರಿಗೂ ಏನನ್ನೂ ಕಲಿಸಿರಲಿಲ್ಲ. ನನ್ನ ತರಗತಿಯಲ್ಲಿ ಉಳಿದಿದ್ದವಳು ನೀನೊಬ್ಬಳೇ. ನಿನ್ನ ಮೇಲೆ ಎಷ್ಟು ಭಾರ ಬಿದ್ದಿತ್ತೋ ನನಗೆ ಆಗ ತಿಳಿಯಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಿನ್ನ ಕೋಣೆಯಿಂದ ನಗು ಕೇಳಿಸಿತು. ಕೆಮಿಸ್ಟ್ರಿ ಕ್ಲಾಸಿನಲ್ಲಿ ಇಷ್ಟು ನಗು ಯಾಕೆ ಎಂದು ಬಾಗಿಲು ತಳ್ಳಿದೆ. ಪರದೆಯ ಮೂಲೆಯಲ್ಲಿ ನಿನ್ನ ಟೀಚರ್ ಅಂಚೆಚೀಟಿಯಷ್ಟಾಗಿದ್ದರು. ಉಳಿದ ಜಾಗದಲ್ಲಿ ಒಬ್ಬ ಹೆಂಗಸು ದೀಪದ ಮುಂದೆ ಕುಳಿತು ಪಿಸುದನಿಯಲ್ಲಿ ಏನೋ ಹೇಳುತ್ತಿದ್ದಳು. ಅವಳ ಪಕ್ಕದಲ್ಲಿ ಜನರ ಕಾಮೆಂಟುಗಳು ಇರುವೆಸಾಲಿನ ಹಾಗೆ ಹರಿಯುತ್ತಿದ್ದವು. ನೀನೂ ಟೈಪ್ ಮಾಡುತ್ತಿದ್ದೆ, ಬೆರಳು ತಡವರಿಸದೆ. ನನ್ನನ್ನು ಕಂಡು ಲ್ಯಾಪ್‌ಟಾಪ್ ಮುಚ್ಚಿದೆ.

"ಏನದು?" ಎಂದೆ.

"ನಥಿಂಗ್ ಅಮ್ಮಾ. ಇಂಡೋನೇಷ್ಯನ್ ಶೋ."

"ಆ ಭಾಷಾ ನಿನಗ ಎಲ್ಲಿ ಬರ್ತದ?"

"ಐ ಜಸ್ಟ್ ಪಿಕ್ಡ್ ಇಟ್ ಅಪ್," ಎಂದು ಭುಜ ಹಾರಿಸಿದೆ.

ಆ ಉತ್ತರ ನನ್ನನ್ನು ಎಷ್ಟು ದಿನ ಕೊರೆಯಿತು ಎಂದು ನಿನಗೆ ಗೊತ್ತಿಲ್ಲ. ಮನೆಯಲ್ಲಿ ನಿನ್ನ ಕನ್ನಡ ಅಷ್ಟು ಹೊತ್ತಿಗೆ 'ಹೂಂ', 'ಇಲ್ಲ', 'ಹಸಿವಿಲ್ಲ' ಎಂಬ ಮೂರು ಮಾತಿಗೆ ಇಳಿದಿತ್ತು. ನಾನು ಹತ್ತು ವಾಕ್ಯ ಹೇಳಿದರೆ ನೀನು ಒಂದು ಇಂಗ್ಲಿಷ್ ವಾಕ್ಯ ಹೇಳುತ್ತಿದ್ದೆ. ಅಂಥವಳು ಯಾರೂ ಕಲಿಸದೆ, ಯಾರೂ ಒತ್ತಾಯ ಮಾಡದೆ, ಸಮುದ್ರದಾಚೆಯ ಒಂದು ಭಾಷೆಯಲ್ಲಿ ನಗುವಷ್ಟು ಕಲಿತುಬಿಟ್ಟಿದ್ದೆ. ಹೊಟ್ಟೆಕಿಚ್ಚು ಅನ್ನುವುದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಆ ಹೆಂಗಸನ್ನು ನಾನು ಹುಡುಕಿ ತೆಗೆದೆ. ಜಾವಾದ ಮಲಾಂಗ್ ಊರಿನ ಲಾರಾಸ್. ವಾರಕ್ಕೊಮ್ಮೆ ದೆವ್ವದ ಕಥೆ ಹೇಳುತ್ತಾಳೆ, ನಡುನಡುವೆ ಕರಿದ ತಿಂಡಿ ತಿನ್ನುತ್ತಾಳೆ, ಒಳಮನೆಯಿಂದ ಅವಳ ಚಿಕ್ಕಮ್ಮ ಕೂಗಿ ಕಥೆ ತಿದ್ದುತ್ತಾಳೆ. ಅವರ ಕಡೆ ಗುರುವಾರ ರಾತ್ರಿ ದೆವ್ವಗಳು ಓಡಾಡುವ ರಾತ್ರಿಯಂತೆ. ಅದಕ್ಕೇ ಅವಳ ಕಾರ್ಯಕ್ರಮ ಆವಾಗಲೇ, ನಮಗೆ ಗುರುವಾರ ಬೆಳಿಗ್ಗೆ ಹತ್ತು. ನಾಲ್ಕು ಲಕ್ಷ ಜನ ಅವಳನ್ನು ಹಿಂಬಾಲಿಸುತ್ತಿದ್ದರು. ಕೌಲಾಲಂಪುರದವರು, ರಾಟರ್‌ಡ್ಯಾಮ್‌ನವರು, ಟೆಕ್ಸಸ್‌ನ ಒಬ್ಬ ಟ್ರಕ್ ಡ್ರೈವರ್. ಇಷ್ಟು ಜನ ಒಂದು ಚಿಕ್ಕ ಕೋಣೆಯ ಹೆಂಗಸಿನ ಮುಂದೆ ಯಾಕೆ ಕೂರುತ್ತಾರೆ ಎಂದು ಮೊದಲ ದಿನ ಮೂಗು ಮುರಿದೆ. ಮೂರನೇ ವಾರ ನಾನೂ ಹತ್ತಕ್ಕೆ ಮುಂಚೆ ಅಡಿಗೆ ಮುಗಿಸಿ ಕೂತಿದ್ದೆ.

ಚಪಾತಿ ಲಟ್ಟಿಸುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅವಳ ಹಳೆಯ ವಿಡಿಯೋಗಳನ್ನು ಒಂದರ ಹಿಂದೊಂದು ಕೇಳಿದೆ. ಮೊದಲು ಬರೀ ಸದ್ದು. ಆಮೇಲೆ ಸದ್ದಿನೊಳಗಿಂದ ಪರಿಚಯದ ಮಾತುಗಳು ಇಣುಕತೊಡಗಿದವು. ದನಿಗೆ ಅವರು 'ಸುವಾರಾ' ಅನ್ನುತ್ತಾರೆ, ಕಥೆಗೆ 'ಚೆರಿತಾ', ಗಂಡನಿಗೆ 'ಸುವಾಮಿ', ಯಾಕೆಂದರೆ ಅನ್ನುವುದಕ್ಕೆ 'ಕಾರೆನಾ'. 'ದೋಸಾ' ಅಂದರೆ ಪಾಪ ಎಂದು ತಿಳಿದ ದಿನ ಒಲೆಯ ಮುಂದೆ ನಿಂತು ಒಬ್ಬಳೇ ನಕ್ಕೆ. ಓಡಿಬಂದು ನಿನಗೆ ಹೇಳಬೇಕೆನಿಸಿತು. ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ನಾನು ಕದ್ದು ಕಲಿಯುತ್ತಿದ್ದೇನೆ ಎಂದು ತಿಳಿದರೆ ಆ ಭಾಷೆಯ ಬಾಗಿಲನ್ನೂ ನೀನು ಮುಚ್ಚಿಬಿಡುತ್ತೀ ಎಂಬ ಹೆದರಿಕೆ.

ಮುಂದಿನ ವರ್ಷ ಮಾರ್ಚಿನಲ್ಲಿ ಲಾರಾಸ್ ಒಂದು ಗುರುವಾರ, ಈ ದಿನದ ಕಥೆ ಅಮೆರಿಕದಿಂದ ಬಂದಿದೆ, ಕಳಿಸಿದವಳ ಹೆಸರು ಆರ್ತಿ ಎಂದಳು. ಅವರಲ್ಲಿ ಆರ್ತಿ ಎಂದರೆ ಅರ್ಥ. ನಾವೆಲ್ಲ ಹುಡುಕುತ್ತಿರುವುದನ್ನು ಈ ಹುಡುಗಿ ಹೆಸರಾಗಿ ಇಟ್ಟುಕೊಂಡಿದ್ದಾಳೆ ಎಂದು ತಮಾಷೆ ಮಾಡಿ ಓದತೊಡಗಿದಳು. ಹಿತ್ತಲ ಹುಣಸೆಮರದಲ್ಲಿ ಒಂದು ಹೆಣ್ಣು ದೆವ್ವ. ಅದರ ತಲೆ ಬಾಚುವವರು ಯಾರೂ ಇಲ್ಲ. ಕತ್ತಲಾದ ಮೇಲೆ ಕೂದಲು ಬಿಟ್ಟುಕೊಂಡು ಹೊರಗೆ ಬಂದ ಹುಡುಗಿಯರ ಬೆನ್ನಹಿಂದೆ ನಿಂತು, 'ನಂಗೂ ಒಂದು ಹೆರಳು ಹಾಕ ತಂಗಿ' ಅನ್ನುತ್ತದೆ. ಹಾಕಲು ಕೂತವಳು ಹಾಕುತ್ತಲೇ ಇರಬೇಕು, ಆ ಕೂದಲಿಗೆ ಕೊನೆಯಿಲ್ಲ.

ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ಆ ಕಥೆ ಯಾವ ಅಜ್ಜಿಯೂ ಹೇಳಿದ್ದಲ್ಲ. ಧಾರವಾಡದಲ್ಲಿ ಕರೆಂಟ್ ಹೋದ ಸಂಜೆಗಳಲ್ಲಿ ನೀನು ತಲೆ ಬಾಚಿಸಿಕೊಳ್ಳಲು ಕೂರುತ್ತಿರಲಿಲ್ಲವೆಂದು ನಾನೇ ಕಟ್ಟಿದ್ದು. ನಿನಗಾಗ ನಾಲ್ಕು ವರ್ಷ. ಅದನ್ನೀಗ ಹನ್ನೊಂದು ಸಾವಿರ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಅವತ್ತೇ ಖಾತೆ ತೆರೆದೆ. ರತ್ನಾ ಎನ್ನುವುದು ಅಲ್ಲೂ ಇಡುವ ಹೆಸರು, ನಮ್ಮಲ್ಲೂ ಇಡುವ ಹೆಸರು. ಅದಕ್ಕೇ ಪೂರ್ತಿ ಸುಳ್ಳು ಅನ್ನಿಸಲಿಲ್ಲ. ಈ ಕಥೆ ನಿನಗೆ ಯಾರು ಹೇಳಿದರು ಎಂದು ನಿನ್ನನ್ನು ಕೇಳಿದೆ. ನೀನು ಉತ್ತರ ಬರೆದೆ: ನನ್ನ ಅಮ್ಮ. ಮೊದಲು ಕಥೆ ಹೇಳುತ್ತಿದ್ದಳು. ಈಗ ನಾನು ಏನು ಮಾಡಬೇಕು ಅಂತ ಮಾತ್ರ ಹೇಳುತ್ತಾಳೆ.

ಆ ಸಾಲು ನನಗೆ ಇಂದಿಗೂ ಬಾಯಿಪಾಠ.

ಇಲ್ಲಿಗೆ ಕಾರಿನಿಂದ ಇಳಿದು ಲೈಬ್ರರಿಯನ್ನು ಎರಡು ಸುತ್ತು ಹಾಕಿ ಬಂದೆ. ಮುಂದುವರಿಸುತ್ತೇನೆ.

ನನ್ನ ತಪ್ಪುತಪ್ಪು ವಾಕ್ಯಗಳಿಗೆ ನೆಪ ಬೇಕಿತ್ತು. ಮೆಡಾನ್‌ನ ಭಾರತೀಯರ ಕೇರಿಯಲ್ಲಿ ಹುಟ್ಟಿದೆ, ಹತ್ತು ವರ್ಷಕ್ಕೇ ಊರು ಬಿಟ್ಟೆ, ಭಾಷೆ ಮರೆತಿದೆ ಎಂದೆ. ನೀನು ನಂಬಿದೆ, ನನ್ನನ್ನು ತಿದ್ದತೊಡಗಿದೆ. ನನ್ನ ಮಗಳು ನನಗೆ ಮೇಷ್ಟರಾದಳು! ಹಿರಿಯ ಹೆಂಗಸರನ್ನು ಅಲ್ಲಿ 'ಇಬು' ಅನ್ನುತ್ತಾರೆ, ಚುಟುಕಾಗಿ 'ಬು'. ಅಮ್ಮನಿಗೂ ಅದೇ ಮಾತು. ಗುರುವಾರ ಕಾರ್ಯಕ್ರಮ ಮುಗಿದ ಮೇಲೆ, "ಬು, ಊಟ ಆಯ್ತಾ?" ಎಂದು ನಿನ್ನ ಸಂದೇಶ ಬರುತ್ತಿತ್ತು. ಮೇಲಿನ ಕೋಣೆಯಿಂದ ಕೆಳಗಿನ ಅಡಿಗೆಮನೆಗೆ, ಜಗತ್ತನ್ನೆಲ್ಲ ಸುತ್ತಿಕೊಂಡು.

ರತ್ನಾ ಒಮ್ಮೆಯೂ ನಿನ್ನ ಮಾರ್ಕ್ಸ್ ಕೇಳಲಿಲ್ಲ. ಎಸ್‌ಎಟಿ ಪರೀಕ್ಷೆಯ ಬಗ್ಗೆ, ಪಕ್ಕದ ಮನೆಯ ಹುಡುಗಿಯ ಬಗ್ಗೆ ಮಾತೆತ್ತಲಿಲ್ಲ. ಅವಳು ಒಳ್ಳೆಯವಳು ಎಂದಲ್ಲ, ಬೈಯಲು ಬೇಕಾದಷ್ಟು ಶಬ್ದಗಳು ಅವಳಿಗೆ ಬರುತ್ತಿರಲಿಲ್ಲ. ಬಂದ ಸ್ವಲ್ಪ ಮಾತಿನಲ್ಲಿ ಕೇಳಬಹುದಿತ್ತು, ಸಮಾಧಾನ ಹೇಳಬಹುದಿತ್ತು, ನಗಬಹುದಿತ್ತು. ನೀನು ಲಾರಾಸಳ ಕಥೆಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯಲು ಶುರುಮಾಡಿದ್ದನ್ನು ಮೊದಲು ಹೇಳಿದ್ದು ರತ್ನಾಳಿಗೆ. ನಿನ್ನ ಸಬ್‌ಟೈಟಲ್ ಬಂದ ಮೇಲೆ ಇಲ್ಲಿನ ಕಾಲೇಜು ಹುಡುಗರೂ ನೋಡತೊಡಗಿದರು, ಆರು ತಿಂಗಳಲ್ಲಿ ಅವಳ ಜನ ಎರಡು ಪಟ್ಟಾದರು. ಆ ಖುಷಿಯಲ್ಲಿ ನೀನು ಬರೆದ ಸಂದೇಶ ಓದಿ ನಾನು ಪಾಯಸ ಮಾಡಿದ್ದೆ. "ಯಾಕ, ಇವತ್ತೇನು ವಿಶೇಷ?" ಎಂದು ಪಪ್ಪಾ ಕೇಳಿದಾಗ ಹಾಲು ಉಳಿದಿತ್ತು ಎಂದೆ.

2022ರ ಆಗಸ್ಟಿನಲ್ಲಿ ನಿನ್ನನ್ನು ಅಟ್ಲಾಂಟಾದ ಕಾಲೇಜಿನ ಡಾರ್ಮ್‌ನಲ್ಲಿ ಬಿಟ್ಟು ಬಂದೆವು. ಆ ಸಂಜೆ ನೀನು ರತ್ನಾಳಿಗೆ, ನನ್ನ ಅಮ್ಮ ಬೆಡ್‌ಶೀಟನ್ನು ಎರಡು ಸಲ ಮಡಚಿದಳು, ಏನೋ ಹೇಳಲು ಬಂದು ಮೀಲ್ ಪ್ಲ್ಯಾನ್ ಬಗ್ಗೆ ಹೇಳಿ ಹೋದಳು ಎಂದು ಬರೆದೆ. ನಾನಾಗ ಗ್ರೀನ್‌ವಿಲ್ ಹತ್ತಿರ ಪೆಟ್ರೋಲ್ ಬಂಕಿನ ಬಾತ್‌ರೂಮಿನಲ್ಲಿ ನಿಂತು ಅದನ್ನು ಓದಿದೆ. ಏನು ಹೇಳಬೇಕೆಂದಿದ್ದಳೋ ನೀನೇ ಫೋನ್ ಮಾಡಿ ಕೇಳು ಎಂದು ರತ್ನಾ ಬರೆದಳು. ನೀನು ಮಾಡಲಿಲ್ಲ. ನಾನಾದರೂ ಮಾಡಬಹುದಿತ್ತು.

ಈ ವರ್ಷದ ಮಾರ್ಚಿಗೆ ಬರುತ್ತೇನೆ. ನೀನು ರತ್ನಾಳಿಗೆ, ಮೆಡಿಸಿನ್ ಹಾದಿ ಬಿಟ್ಟಿದ್ದೇನೆ, ಭಾಷಾಶಾಸ್ತ್ರಕ್ಕೆ ಬದಲಾಯಿಸಿಕೊಂಡಿದ್ದೇನೆ, ಡಿಗ್ರಿ ಆದ ಮೇಲೆ ಮಲಾಂಗ್‌ಗೆ ಹೋಗಿ ಒಂದು ವರ್ಷ ಲಾರಾಸಳ ತಂಡದಲ್ಲಿ ಕೆಲಸ ಮಾಡುತ್ತೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ, ಹೇಳುವ ಧೈರ್ಯ ಬರುವವರೆಗೆ ನಿಮ್ಮೊಬ್ಬರಿಗೇ ಗೊತ್ತಿರಲಿ ಬು, ಎಂದು ಬರೆದೆ. ನಿನ್ನ ರೂಮ್‌ಮೇಟ್ ಇಂದುವಿಗೆ ಮಾತ್ರ ಗೊತ್ತಿದೆ ಎಂದೂ ಬರೆದಿದ್ದೆ.

ನಾಲ್ಕೇ ದಿನದಲ್ಲಿ ಪಪ್ಪಾಗೂ ಗೊತ್ತಾಯಿತು. ಆ ಭಾನುವಾರ ಫೋನಿನಲ್ಲಿ ಆದದ್ದು ನಿನಗೆ ನೆನಪಿದೆ.

"ಡಾಕ್ಟರ್ ಆಗ್ತೀನಂತ ಹೇಳಿದಾಕಿ ನೀನ. ನಾವೇನು ಕುತ್ತಿಗಿ ಹಿಡದಿದ್ವೇನು? ದೆವ್ವದ ಕಥಿ ತರ್ಜುಮೆ ಮಾಡಾಕ ಅಟ್ಲಾಂಟಾಕ್ಕ ಹೋಗಬೇಕಾಗಿತ್ತೇನು?" ಎಂದರು ಪಪ್ಪಾ.

"ಹೂ ಟೋಲ್ಡ್ ಯೂ, ಪಪ್ಪಾ?"

"ಇಂದೂನ ತಾಯಿ ಹೇಳಿದ್ರು. ಮಂದಿ ಬಾಯಿಂದ ಕೇಳಬೇಕಾತು ನಾವು, ಮಂದಿ ಬಾಯಿಂದ."

ನೀನು, "ಅಮ್ಮಾ, ನೀನು ಏನಾದ್ರೂ ಹೇಳು," ಎಂದೆ. ಕನ್ನಡದಲ್ಲಿ. ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ ಒಂದು ಇಡೀ ವಾಕ್ಯ. ಅದಕ್ಕೆ ನಾನು, "ಪಪ್ಪಾ ಹೇಳೂದು ಕೇಳು," ಎಂದೆ.

ಅಲ್ಲಿಂದ ನೀನು ಮನೆಗೆ ಫೋನ್ ಮಾಡಲಿಲ್ಲ. ನಾವು ಮಾಡಿದರೆ ಎತ್ತಲಿಲ್ಲ. ಆ ಗುರುವಾರ ನೀನು ರತ್ನಾಳ ಬಳಿ ಅತ್ತುಕೊಂಡೆ. ರತ್ನಾ ಮಧ್ಯಾಹ್ನವಿಡೀ ನಿನ್ನನ್ನು ಸಂತೈಸಿದಳು. ಹೊಡೆದವಳೂ ನಾನೇ, ಎಣ್ಣೆ ಹಚ್ಚಿದವಳೂ ನಾನೇ. ಇಂದುವಿನ ಜೊತೆ ಮಾತು ಬಿಟ್ಟಿದ್ದೇನೆ, ಕೋಣೆಯನ್ನೂ ಬದಲಾಯಿಸುತ್ತೇನೆ ಎಂದು ನೀನು ಬರೆದಾಗ ಮಾತ್ರ ಅವಳು ಉತ್ತರ ಕೊಡಲಿಲ್ಲ. ಆ ಮಾತು ಇಲ್ಲಿ ಬೇಡ.

ಪಪ್ಪಾ ಕಲ್ಲಲ್ಲ, ಇಷ್ಟು ತಿಳಿದಿರಲಿ. ಪ್ರತಿ ಭಾನುವಾರ ಕಾರು ತೊಳೆದು ಒಳಗೆ ಬಂದು, ಟವೆಲ್ ಹುಡುಕುವ ನೆಪದಲ್ಲಿ, "ಅಕಿ ಫೋನ್ ಮಾಡಿದ್ಲೇನು?" ಎನ್ನುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ನಿನ್ನ ಜ್ವರ, ನಿನ್ನ ಪರೀಕ್ಷೆ, ನಿನ್ನ ಹೊಸ ಕೋಣೆಯ ಕಿಟಕಿ ಎಲ್ಲ ನನಗೆ ಗೊತ್ತಿದ್ದವು. ಆದರೆ ಅವರಿಗೆ ಹೇಳುವುದು ಹೇಗೆ? ಏಳು ತಿಂಗಳು ಒಂದೇ ಮನೆಯಲ್ಲಿ ಒಬ್ಬರು ಹಸಿದುಕೊಂಡು, ಇನ್ನೊಬ್ಬರು ಮುಚ್ಚಿಟ್ಟುಕೊಂಡು ತಿಂದ ಹಾಗೆ.

ಸೆಪ್ಟೆಂಬರಿನಲ್ಲಿ ನೀನು, ಲಾರಾಸ್ ಅಮೆರಿಕಕ್ಕೆ ಬರುತ್ತಿದ್ದಾಳೆ, ರಾಕ್‌ವಿಲ್‌ನಲ್ಲಿ ಇಂಡೋನೇಷ್ಯದವರು ಮೇಳ ಮಾಡುತ್ತಿದ್ದಾರೆ, ಅದು ನಿಮ್ಮ ಮನೆಗೆ ಹತ್ತಿರವೇ ಅಲ್ಲವೇ ಬು, ನಾನು ವಿಮಾನದಲ್ಲಿ ಬರುತ್ತೇನೆ, ನಿಮ್ಮನ್ನು ಒಮ್ಮೆ ನೋಡಬೇಕು ಎಂದೆ. ಬೇಡ ಎನ್ನಲು ನನಗೆ ಒಂದು ತಿಂಗಳಿತ್ತು. ಹಳದಿ ಶಾಲು ಹೊದ್ದಿರುತ್ತೇನೆ ಎಂದು ಬರೆದೆ.

ನಂಬು, ಹೇಳಿಬಿಡಬೇಕೆಂದೇ ಬಂದಿದ್ದೆ. ಪಪ್ಪಾಗೆ ಕ್ಯಾರಿ ಊರಿನಲ್ಲಿರುವ ರೇಣುಕಾದೇವಿ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಶುಕ್ರವಾರವೇ ಹೊರಟೆ. ದಾರಿಯುದ್ದಕ್ಕೂ ಮೂರು ಭಾಷೆಯಲ್ಲಿ ವಾಕ್ಯ ಜೋಡಿಸಿದೆ. ಶನಿವಾರ ಹನ್ನೆರಡಕ್ಕೆ ಮೇಳ ನಡೆಯುವ ಶಾಲೆಯ ಮೈದಾನದಲ್ಲಿದ್ದೆ. ಪರದೆಯ ಮೇಲೆ ಇರುವೆಸಾಲಿನಂತೆ ಕಂಡ ಜನ ಅಲ್ಲಿ ಕೈಕಾಲು ಪಡೆದು ನಿಂತಿದ್ದರು. ತಲೆಗೆ ವಸ್ತ್ರ ಕಟ್ಟಿದ ಅಜ್ಜಿಯರು, ವರ್ಜೀನಿಯಾದ ಕಾಲೇಜು ಹುಡುಗರು, ಲಾರಾಸಳ ಪಿಸುದನಿಯನ್ನು ಅಣಕಿಸಿ ನಗುವ ಮಕ್ಕಳು. ಮಾಂಸ ಸುಡುವ ಹೊಗೆ, ಧ್ವನಿವರ್ಧಕದ ಗದ್ದಲ. ಲಾರಾಸ್ ನಾನೆಣಿಸಿದ್ದಕ್ಕಿಂತ ಕುಳ್ಳಿ.

ಆಮೇಲೆ ನಿನ್ನನ್ನು ಕಂಡೆ. ಕೂದಲು ಕತ್ತರಿಸಿಕೊಂಡಿದ್ದೀ. ರತ್ನಾಳಿಗೂ ಹೇಳಿರಲಿಲ್ಲ.

ಲಾರಾಸ್ ವೇದಿಕೆಯಿಂದ ನಿನ್ನ ಹೆಸರು ಕರೆದಳು. ನಮ್ಮ ಕಥೆಗಳು ನಿಮ್ಮ ಮನೆಗೆ ಬಂದದ್ದು ಈ ಹುಡುಗಿಯ ಕೈಹಿಡಿದು ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಿಂಡಿ ಡೇರೆಯ ಹಿಂದೆ ನಿಲ್ಲಿಸಿದ್ದ ವ್ಯಾನಿನ ಮರೆಯಲ್ಲಿ ನಾನೂ ತಟ್ಟಿದೆ. ನಿನಗೆ ಯಾವ ದಾರಿ ಸರಿ ಎಂದು ನಾನು ಇಪ್ಪತ್ತು ವರ್ಷ ಹೇಳುತ್ತ ಬಂದೆ. ಆ ವೇದಿಕೆಯ ಮೇಲೆ ನಿನ್ನ ಭುಜ ನೆಟ್ಟಗಿತ್ತು. ನಮ್ಮ ಮನೆಯಲ್ಲಿ ಅದನ್ನು ಹಾಗೆ ನೋಡಿದ ನೆನಪಿಲ್ಲ.

ನೀನು ಕೆಳಗಿಳಿದು ಊಟದ ಎರಡು ಡಬ್ಬಿ ಕೊಂಡೆ. ಒಂದು ಬೆಂಚಿನ ಮೇಲೆ ಕೂತು, ಪಕ್ಕದ ಜಾಗಕ್ಕೆ ಜಾಕೆಟ್ ಇಟ್ಟು ಹಿಡಿದೆ. ಹಳದಿ ವಸ್ತ್ರದ ಒಬ್ಬ ಹೆಂಗಸು ಹಾದುಹೋದಾಗ ಓಡಿಹೋಗಿ ಅವಳ ಕೈ ಮುಟ್ಟಿ, "ಬು ರತ್ನಾ?" ಎಂದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ಅವಳ ಕಡೆ ಓಡುವಾಗ ನಿನ್ನ ಮುಖ 'ಅಮ್ಮಾ, ಸ್ಕೂಲ್ ಬಿಡ್ತು' ಎಂದು ಧಾರವಾಡದಲ್ಲಿ ಗೇಟಿನಿಂದ ಓಡಿಬರುತ್ತಿದ್ದ ಮುಖ. ಶಾಲು ನನ್ನ ಚೀಲದಲ್ಲೇ ಇತ್ತು. ಹೊದ್ದು ಮರೆಯಿಂದ ಹೊರಗೆ ಬಂದರೆ ಸಾಕಿತ್ತು. ನನ್ನನ್ನು ಕಂಡ ಕ್ಷಣ ಆ ಮುಖ ಏನಾಗುತ್ತದೆ ಎಂಬುದನ್ನು ನೋಡಲು ನನ್ನಿಂದಾಗಲಿಲ್ಲ. ಜ್ವರ ಬಂದಿದೆ, ಬರಲಾಗುತ್ತಿಲ್ಲ, ಕ್ಷಮಿಸು ಮಗು, ಎಂದು ರತ್ನಾ ಟೈಪ್ ಮಾಡಿದಳು. ಪರವಾಗಿಲ್ಲ ಬು, ಔಷಧಿ ತಗೊಳ್ಳಿ, ಎಂದು ನೀನು ಬರೆದೆ. ಆಮೇಲೂ ಒಂದು ಗಂಟೆ ಅಲ್ಲೇ ಕೂತಿದ್ದೆ, ಒಂದು ಡಬ್ಬಿಯನ್ನೂ ತೆರೆಯದೆ.

ಮೂರೂವರೆಗೆ ನೀನು ಫೋನ್ ಕಿವಿಗಿಟ್ಟೆ. ನನ್ನ ಕೈಯಲ್ಲಿದ್ದ ಫೋನ್ ನಡುಗಿತು.

ಏಳು ತಿಂಗಳ ಮೇಲೆ ನೀನು ನಿನ್ನ ಅಮ್ಮನಿಗೆ ಮಾಡಿದ ಕರೆ. ನಾನು ಮೂವತ್ತು ಹೆಜ್ಜೆ ದೂರದಲ್ಲಿದ್ದೆ. ಎತ್ತಿದರೆ ನಿನ್ನ ಕಡೆಯ ಧ್ವನಿವರ್ಧಕದ ಸದ್ದೇ ನನ್ನ ಕಡೆಯಿಂದಲೂ ನಿನಗೆ ಕೇಳುತ್ತದೆ. ಬೆರಳು ಹಸಿರು ಗುಂಡಿಯ ಮೇಲಿತ್ತು. ಫೋನ್ ಬಡಿದುಕೊಂಡು ಬಡಿದುಕೊಂಡು ನಿಂತಿತು. ನೀನು ಫೋನನ್ನು ನೋಡಿದೆ, ಜಾಕೆಟ್ ತೊಟ್ಟೆ, ಡಬ್ಬಿಗಳನ್ನು ಕಸ ಗುಡಿಸುತ್ತಿದ್ದ ಮುದುಕನ ಕೈಗೆ ಕೊಟ್ಟು ಗೇಟಿನ ಕಡೆ ನಡೆದೆ. ನಾನು ಕಾರಿಗೆ ಓಡಿ, ಗಾಜು ಏರಿಸಿ, ನಿನಗೆ ಆರು ಸಲ ಮಾಡಿದೆ. ನೀನು ಎತ್ತಲಿಲ್ಲ. ಯಾಕೆ ಎತ್ತುತ್ತೀ?

ಆರತಿ, ಯಾಕೆ ಮಾಡಿದ್ದೆ ಆ ಫೋನ್? ಏನು ಹೇಳುವುದಿತ್ತು? ಮೂರು ದಿನದಿಂದ ಇದೊಂದೇ ನನ್ನ ತಲೆಯಲ್ಲಿ ಗಿರಕಿ ಹೊಡೆಯುತ್ತಿದೆ.

ನಿನ್ನೆ ಸಂಜೆ ಪಪ್ಪಾಗೆ ರತ್ನಾಳ ಕಥೆ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. "ಅಂದ್ರ ಅಕಿ ಹೆಂಗದಾಳಂತ ಇಷ್ಟು ದಿನ ನಿನಗ ಗೊತ್ತಿತ್ತು," ಎಂದರು. ಹೌದೆಂದೆ. "ನನಗೂ ಒಂದು ಮಾತು ಹೇಳಬಹುದಿತ್ತಲ್ಲ, ವಿದ್ಯಾ," ಎಂದು ಎದ್ದು ಹೊರಗೆ ಹೋಗಿ, ಆಗಲೇ ಕತ್ತರಿಸಿದ್ದ ಹುಲ್ಲನ್ನು ಮತ್ತೊಮ್ಮೆ ಕತ್ತರಿಸಿದರು. ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಮಲಾಂಗ್‌ದಾಗ ಚಳಿ ಇರ್ತದೇನು?" ಎಂದು ಕೇಳಿದರು. ಬೆಟ್ಟದ ಊರು, ಸ್ವಲ್ಪ ಇರುತ್ತದೆ ಎಂದೆ. ತಲೆಯಾಡಿಸಿ ಹೋದರು.

ರತ್ನಾಳ ಖಾತೆಯನ್ನು ನಾನು ಅಳಿಸಿಲ್ಲ. ಅದರಲ್ಲಿ ಮೂರು ವರ್ಷದ ನಿನ್ನ ಮಾತಿದೆ, ಅದು ನಿನ್ನದು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಇಡುವುದೋ ಅಳಿಸುವುದೋ ನಿನಗೆ ಬಿಟ್ಟದ್ದು. ನಾನು ಇನ್ನು ಅದರೊಳಗೆ ಕಾಲಿಡುವುದಿಲ್ಲ. ನಿನ್ನ ದಾರಿಗೆ ನನ್ನ ಒಪ್ಪಿಗೆ ಎಂದು ಬರೆಯಲು ಹೊರಟಿದ್ದೆ. ನಿನಗೆ ಅದು ಬೇಕಾಗಿಲ್ಲ ಎಂದು ಶನಿವಾರ ನೋಡಿಕೊಂಡೆ. ಬೇಕಾದ ದಿನ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಬಾಯಿಗೆ ಬಂದಷ್ಟು ಬೈದು ಫೋನ್ ಮಾಡು, ಎತ್ತುತ್ತೇನೆ.

ನಿನ್ನನ್ನು ಎರಡು ಹೆಸರಿನಲ್ಲಿ ಪ್ರೀತಿಸಿ, ಒಂದರಲ್ಲೂ ನೆಟ್ಟಗೆ ನಿಲ್ಲದ,
ನಿನ್ನ ಅಮ್ಮ
ವಿದ್ಯಾವತಿ

ತಾ. ಕ. – ಲಕೋಟೆ ಅಂಟಿಸಿ ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತವಳು ಹೊರಗೆ ಬಂದು ಮತ್ತೆ ಒಡೆದೆ. ಮೇಲೆ ಎಲ್ಲವನ್ನೂ ಒಪ್ಪಿಕೊಂಡವಳ ಹಾಗೆ ಬರೆದು ಒಂದನ್ನು ಬಿಟ್ಟಿದ್ದೇನೆ. ಪಪ್ಪಾಗೆ ಹೇಳಿದ್ದು ಇಂದುವಿನ ತಾಯಿ ಶೈಲಜಾ ಅಲ್ಲ. ನಾನು. ರತ್ನಾಳನ್ನು ನಂಬಿ ನೀನು ಹೇಳಿದ್ದನ್ನು ನಾಲ್ಕು ದಿನ ಒಳಗಿಟ್ಟುಕೊಳ್ಳಲಾಗದೆ ಹೇಳಿಬಿಟ್ಟೆ. ಅವರು ನಿನ್ನನ್ನು ತಡೆಯಲಿ ಎಂಬ ಆಸೆಯೂ ಇತ್ತು. ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದಾಗ ಬಾಯಿಗೆ ಬಂದದ್ದು ಶೈಲಜಾ ಅವರ ಹೆಸರು. ಇಂದುವಂತೂ ಯಾರ ಬಳಿಯೂ ಒಂದು ಮಾತು ಆಡಿರಲಿಲ್ಲ.

ಪೋಸ್ಟ್ ಆಫೀಸಿನಿಂದ ನೇರ ಶೈಲಜಾ ಅವರ ಮನೆಗೆ ಹೋಗಿ ಹೇಳಿ ಬಂದೆ. ಅವರು ನನ್ನನ್ನು ಒಳಗೆ ಕರೆಯಲಿಲ್ಲ. "ನನ್ನ ಮಗಳು ಸಮ್ಮರ್ ಪೂರ್ತಿ ಅತ್ತಿದ್ದಾಳೆ ವಿದ್ಯಾ ಅವರೇ, ಏನು ತಪ್ಪು ಮಾಡ್ದೆ ಅಂತಾನೂ ಅವಳಿಗೆ ಗೊತ್ತಿಲ್ಲ," ಎಂದು ಬಾಗಿಲು ಹಾಕಿಕೊಂಡರು. ಪಪ್ಪಾಗೆ ಈ ರಾತ್ರಿ ಊಟಕ್ಕೆ ಕೂರುವ ಮುಂಚೆ ಹೇಳುತ್ತೇನೆ.

ಇದನ್ನು ಓದಿ ಮುಗಿಸಿದ ಕೂಡಲೇ ಇಂದುವಿಗೆ ಫೋನ್ ಮಾಡು. ನನಗೆ ಆಮೇಲೆ, ಮಾಡಬೇಕೆನಿಸಿದರೆ.